ಗುರಪ್ಪ ಕಾಕಾನ ತಗಡಿನ ಬಂಗಲೆ

ಸಾಲೋಟಗಿಯ ನಮ್ಮ ಓಣಿಯಲ್ಲಿ ಗುರಪ್ಪ ಕಾಕಾನಷ್ಟು ಹಟಮಾರಿ ಇನ್ನೊಬ್ಬನಿರಲಿಲ್ಲ. ತಾನು ಕೊಂಡ ಎತ್ತು ಕುಂಟಿದರೆ, ಅದರ ನಡಿಗೆಯೇ ಹಾಗೆ ಎಂದು ಊರಿನ ಜೊತೆ ವಾದಕ್ಕಿಳಿಯುವ ಮನುಷ್ಯ.

ಆಗ ಓಣಿಯ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು. ತೊಲೆ, ಜಂತಿ, ಅದರ ಮೇಲೆ ದಪ್ಪಗೆ ಮಣ್ಣು. ನಮ್ಮ ಕಡೆಯ ಬಿಸಿಲಿಗೆ ಅದಕ್ಕಿಂತ ತಂಪು ಬೇರೆ ಇಲ್ಲ. ಮಳೆ ಬರುವುದು ಅಷ್ಟಕ್ಕಷ್ಟೇ, ಆದರೂ ಪ್ರತಿ ವರ್ಷ ಜೂನಿನ ಮಿರಗದ ಮಳೆಗೆ ಮೊದಲು ಹಳ್ಳದ ಕಡೆಯಿಂದ ನೀರು ಇಂಗಗೊಡದ ಸವುಳು ಮಣ್ಣು ತಂದು ಮೇಲೆ ಹರವಿ ತುಳಿಯಲೇಬೇಕು. ಎಪ್ಪತ್ಮೂರರಲ್ಲಿ ಕಾಕಾ ತುಳಿಯಲಿಲ್ಲ.

"ಹ್ವಾದ ವರ್ಷ ಬರ ಬಿದ್ದು ಹನಿ ಕಾಣಲಿಲ್ಲ. ಈ ವರ್ಷ ಏನ ಸುರೀತೈತಿ ಮಾರಾಯಾ" ಎಂದ.

ಸುರಿಯಿತು. ಊಟಕ್ಕೆ ಕೂತಿದ್ದವನ ತಾಟಿನೊಳಗೇ ಮಣ್ಣಿನ ನೀರು ತೊಟ್ಟಿಕ್ಕಿತು. ಬೇರೆಯವರಾಗಿದ್ದರೆ ಸಲಿಕೆ ಹಿಡಿದು ಮೇಲೆ ಹತ್ತುತ್ತಿದ್ದರು. ಕಾಕಾನಿಗೆ ಮಾಳಿಗೆಯ ಮೇಲೇ ಸಿಟ್ಟು ಬಂತು. ಸುಗ್ಗಿ ಮುಗಿದದ್ದೇ ತಡ, ಮಾಳಿಗೆ ಕೆಡವಿಸಿ, ಇಂಡಿಯಿಂದ ಚಕ್ಕಡಿಯಲ್ಲಿ ತಗಡು ತಂದು ಇಳಿಜಾರಾಗಿ ಹೊದಿಸಿಬಿಟ್ಟ.

ಓಣಿಯ ಮಾಳಿಗೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು ಎಂಬುದು ಈ ಸಿಟ್ಟಿನಲ್ಲಿ ಅವನ ತಲೆಗೇ ಬರಲಿಲ್ಲ. ಹೆಂಗಸರು ಓಣಿಗೆ ಇಳಿಯದೆ ಮಾಳಿಗೆಯಿಂದ ಮಾಳಿಗೆಗೆ ದಾಟಿ ಶಾವಿಗೆ ಒಣಗಿಸುತ್ತಿದ್ದರು, ಹೆಪ್ಪು ಕಡ ತರುತ್ತಿದ್ದರು, ಮನಸಾರೆ ಅತ್ತೆಯರನ್ನು ಬೈಯುತ್ತಿದ್ದರು. ಈಗ ನಟ್ಟನಡುವೆ ತಗಡು. ಕಾಲಿಟ್ಟರೆ ಜಾರುತ್ತದೆ, ಜಾರದಿದ್ದರೆ ಸುಡುತ್ತದೆ.

"ನನ್ನ ಮಾಳಗಿ ಎಲ್ಲೈತ್ರಿ?" ಎಂದು ಹೆಂಡತಿ ಬಾಳಮ್ಮ ಕಾಕು ಕೇಳಿದಳು.

"ತಗಡಿನ ಮನಿ ಅಂದ್ರ ಬಂಗ್ಲೆ. ಬಂಗ್ಲೆದಾಗ ಆರಾಮ ಕುಂಡ್ರು."

ಬೇಸಿಗೆ ಬಂದಾಗ ಬಂಗಲೆ ರೊಟ್ಟಿಯ ಹಂಚಿನಂತೆ ಕಾಯಿತು. ಕಾಕು ಜಗಳ ತೆಗೆಯಲಿಲ್ಲ. ಹಾಸಿಗೆ ಸುತ್ತಿಕೊಂಡು ಪಕ್ಕದ ಶಂಕ್ರೆವ್ವನ ಮನೆ ಸೇರಿದಳು. ಹೊತ್ತಿಗೆ ಸರಿಯಾಗಿ ಅಲ್ಲಿಂದ ರೊಟ್ಟಿ ಬರುತ್ತಿತ್ತು, ಅವಳು ಬರುತ್ತಿರಲಿಲ್ಲ. "ಮಾಳಗಿ ಹಾಕಸ್ಲಿ, ಬರ್ತೇನಿ" ಎಂದಷ್ಟೇ ಹೇಳಿ ಕಳಿಸಿದಳು.

ಕಾಕಾ ಇಡೀ ದಿನ ಬೇವಿನ ಗಿಡದ ಕೆಳಗೆ ಕೂತಿರುತ್ತಿದ್ದ. ಯಾರಾದರೂ ಕೇಳಿದರೆ, "ಒಳಗ ಭಾಳ ಥಂಡಿ ಐತಿ, ಅದಕ್ಕ ಹೊರಗ ಬಂದೇನಿ" ಎನ್ನುತ್ತಿದ್ದ. ಹೇಳುವಾಗ ಮೀಸೆಯಿಂದ ಬೆವರು ಇಳಿಯುತ್ತಿತ್ತು. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಆದರೆ ಒಬ್ಬನೇ ಕೂತು ತಣ್ಣಗಾದ ರೊಟ್ಟಿ ಮುರಿಯುತ್ತಿದ್ದವನನ್ನು ಕಂಡಾಗ ನನಗೆ ಪಾಪ ಅನಿಸಿದ್ದೂ ನಿಜ.

ಅವನ ಆಸೆಯೆಲ್ಲ ಮಳೆಯ ಮೇಲಿತ್ತು. ಎಲ್ಲರ ಮಾಳಿಗೆ ಸೋರಬೇಕು, ಬಾಳಮ್ಮ ತಾನಾಗಿ ಓಡಿ ಬರಬೇಕು. ಅಂತೂ ಒಂದು ಮಧ್ಯಾಹ್ನ ಮಳೆ ಹುಚ್ಚೆದ್ದು ಹೊಡೆಯಿತು. ಎಷ್ಟು ತುಳಿದಿದ್ದರೂ ಮಾಳಿಗೆಗಳು ಸೋರಿದವು. ಜೋಳದ ಚೀಲ ಹೊತ್ತು ಓಣಿಯ ಮಂದಿಯೆಲ್ಲ ಕಾಕಾನ ಮನೆಗೆ ನುಗ್ಗಿದೆವು. ಶಂಕ್ರೆವ್ವನ ಹಿಂದೆ ಬಾಳಮ್ಮ ಕಾಕುವೂ ಹಾಸಿಗೆ ಬಗಲಲ್ಲಿಟ್ಟುಕೊಂಡು ಬಂದಳು. ಒಳಗೆ ಒಂದು ಹನಿಯೂ ಇಲ್ಲ.

ಕಾಕಾ ತಲೆಯ ಪಟಗಾ ಸರಿಮಾಡಿಕೊಂಡು ಎದ್ದು ನಿಂತ. ಬೇಸಿಗೆಯಿಡೀ ಕೂಡಿಟ್ಟಿದ್ದ ಭಾಷಣ ಶುರುವಾಯಿತು. ಆದರೆ ತಗಡಿನ ಮೇಲೆ ಮಳೆಯ ಸದ್ದು ಎಷ್ಟಿತ್ತೆಂದರೆ, ಅವನ ಬಾಯಿ ಆಡುವುದು ಕಂಡಿತೇ ಹೊರತು ಒಂದು ಮಾತೂ ಕೇಳಲಿಲ್ಲ. ನಾವು ಸುಮ್ಮನೆ ತಲೆಯಾಡಿಸಿದೆವು. ಅವನು ಇನ್ನೂ ಜೋರಾಗಿ ಕೂಗಿದ, ಮಳೆಯೂ ಜೋರಾಯಿತು. ಕೊನೆಗೆ ಸುಸ್ತಾಗಿ ಸುಮ್ಮನಾದ. ಮಳೆ ನಿಂತರೆ ಕಾಕು ಮತ್ತೆ ಹೋಗುತ್ತಾಳೆಂದು ಅವನಿಗೆ ಗೊತ್ತಿತ್ತು. ಚೀಲಗಳನ್ನು ದಾಟಿ ಹೋಗಿ, ಅವಳ ಕಿವಿಯ ಹತ್ತಿರ ಬಾಗಿ ಏನೋ ಅಂದ.

ಮಳೆ ನಿಂತಿತು. ನಾವೆಲ್ಲ ಹೊರಟೆವು. ಕಾಕು ಹೊರಡಲಿಲ್ಲ, ಗೋಡೆಯ ಪಕ್ಕ ಹಾಸಿಗೆ ಬಿಚ್ಚಿದಳು.

ದೀಪಾವಳಿ ದಾಟಿದ ಮೇಲೆ ತಗಡು ಹೊಲದ ದನದ ಕೊಟ್ಟಿಗೆಗೆ ಹೋಯಿತು, ಮನೆಗೆ ಮಾಳಿಗೆ ಬಂತು. "ಮೊದಲಿಂದನೂ ದನಕ್ಕಂತನ ತಂದಿದ್ದೆ" ಎಂದು ಕಾಕಾ ಊರಿಗೆಲ್ಲ ಹೇಳಿದ. ಮುಂದಿನ ಬೇಸಿಗೆಯಲ್ಲಿ ಹೊಸ ಮಾಳಿಗೆಯ ಮೇಲೆ ಹೆಂಗಸರೆಲ್ಲ ಕೂಡಿದ್ದಾಗ ಶಂಕ್ರೆವ್ವ ಕೇಳಿದಳು, "ಅವತ್ತ ಕಿವ್ಯಾಗ ಏನಂದ್ರವ್ವಾ?"

ಕೆಳಗೆ ಅಂಗಳದಲ್ಲಿ ಕಾಕಾ ಹಗ್ಗ ಹೊಸೆಯುತ್ತಾ ಕೂತಿದ್ದ. ಕಾಕು ಅತ್ತ ಒಮ್ಮೆ ನೋಡಿ, ಓಣಿಯ ಆ ತುದಿಗೂ ಕೇಳುವಂತೆ ಹೇಳಿದಳು:

"ನೀ ಇಲ್ಲದ ನನಗ ಇರಾಕ ಆಗೂದಿಲ್ಲ, ಮಾಳಗಿ ಹಾಕಸ್ತೇನಿ, ಆದ್ರ ಈ ಮಂದಿಗಿ ಹೇಳಬ್ಯಾಡ ಅಂದ್ರು."