ಕಾಮನಬಿಲ್ಲಿನ ಕೌದಿ

ಬಾಲವಾಡಿಯ ಅಕ್ಕೋರು ಚರಿಗೆಯಿಂದ ಒಂದು ಗುಟುಕು ನೀರು ಬಾಯಿಗೆ ಹಾಕಿಕೊಂಡರು. ನುಂಗಲಿಲ್ಲ. ಕೆನ್ನೆ ಎರಡೂ ಉಬ್ಬಿದವು. ಬೆಳಗಿನ ಬಿಸಿಲಿಗೆ ಬೆನ್ನು ಕೊಟ್ಟು ನಿಂತು, ಮುಖ ತುಸು ಮೇಲೆತ್ತಿ, ಫುರ್ರ್ ಎಂದು ಊದಿಬಿಟ್ಟರು. ಅವರ ಹಿಂದೆ ಇದ್ದ ನಮ್ಮೆಲ್ಲರ ಕಣ್ಣೆದುರು, ಅಂಗಳದ ಗಾಳಿಯಲ್ಲಿ, ಒಂದು ಮೊಳದ ಕಾಮನಬಿಲ್ಲು ಹುಟ್ಟಿತು, ಅಷ್ಟರಲ್ಲೇ ಹೋಯಿತು.

ಮಕ್ಕಳು ಕಿರುಚಿದ ಸದ್ದಿಗೆ ಎದುರು ಮನೆಯ ಹೆಂಚಿನ ಮೇಲಿನ ಪಾರಿವಾಳಗಳು ಎದ್ದು ಹಾರಿದವು.

“ಇನ್ನೊಮ್ಮೆ ಅಕ್ಕೋರ, ಇನ್ನೊಮ್ಮೆ!”

“ನನ್ನ ಬಾಯಿ ಏನ್ ನಳ ಏನು? ನೀವ ಮಾಡ್ರಿ. ಸೂರ್ಯಾಗ ಬೆನ್ನ ಕೊಡ್ರಿ. ಒಬ್ಬರ ಮಾರಿ ಮ್ಯಾಲೆ ಒಬ್ಬರು ಉಗಳಬ್ಯಾಡ್ರಿ ಮತ್ತ!”

ಉಗುಳಿದರು. ಎಲ್ಲರ ಮುಖವೂ ಅಂಗಿಯೂ ತೊಯ್ದವು. ನಾನು ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದೆ. ನನಗೆ ಆಗ ಹನ್ನೊಂದು. ಧಾರವಾಡ ಮೈಸೂರು ರಾಜ್ಯಕ್ಕೆ ಸೇರಿ ಎರಡೋ ಮೂರೋ ವರ್ಷವಾಗಿತ್ತು. ಮೂರನೆಯ ಇಯತ್ತೆಗೆ ನನ್ನ ಸಾಲಿ ಬಿಡಿಸಿದ್ದರು, ಏಕೆಂದರೆ ಅವ್ವ ಮಾಳಮಡ್ಡಿಯ ಮನೆಗಳಿಗೆ ಹಳೆಯ ಬಟ್ಟೆ ಜೋಡಿಸಿ ಹೊದೆಯುವ ಕೌದಿ ಹೊಲಿದುಕೊಡಲು ಹೋಗುತ್ತಿದ್ದಳು, ಮನೆಯಲ್ಲಿ ರೊಟ್ಟಿ ಬಡಿಯುವವರು ಬೇಕಿತ್ತು. ಐದು ವರ್ಷದ ತಂಗಿಯನ್ನು ಬಾಲವಾಡಿಗೆ ಬಿಟ್ಟು, ನಳದ ನೀರು ತುಂಬಿಕೊಂಡು ಮನೆಗೆ ಹೋಗುವುದು ನನ್ನ ಕೆಲಸ. ಆ ದಿನ ತುಂಬಿದ ಕೊಡ ಪಕ್ಕದಲ್ಲೇ ಇತ್ತು. ತಡೆಯಲಾಗಲಿಲ್ಲ. ನಾನೂ ಬೊಗಸೆಯಲ್ಲಿ ನೀರು ತೆಗೆದು ಬಾಯಿ ತುಂಬಿಕೊಂಡೆ. ನನ್ನ ಬಾಯಿಂದಲೂ ಕಾಮನಬಿಲ್ಲು ಬಂತು! ಕೊಡ ಬರಿದಾಗುವವರೆಗೆ ಊದಿದೆ. ಖಾಲಿ ಕೊಡ ಹೊತ್ತು ಮನೆಗೆ ಹೋಗಿ ಅವ್ವನ ಕೈಲಿ ಬೈಸಿಕೊಂಡೆ.

ಆ ಮಳೆಗಾಲವೆಲ್ಲ ಬಾಲವಾಡಿಯಲ್ಲಿ ಕಾಮನಬಿಲ್ಲಿನ ಹುಚ್ಚು. ಅಕ್ಕೋರು ನೆಲದ ಮೇಲೆ ಒಂದು ಮೊಳೆ ಇಟ್ಟು, ಅದಕ್ಕೆ ದಾರ ಕಟ್ಟಿ, ದಾರದ ಇನ್ನೊಂದು ತುದಿಗೆ ಇದ್ದಲಿ ಸಿಕ್ಕಿಸಿ ಗೆರೆ ಎಳೆದರೆ ಅರ್ಧ ಚಕ್ಕುಲಿಯಂಥ ಬಿಲ್ಲು ಬರುತ್ತಿತ್ತು. ದಾರ ಗಿಡ್ಡ ಮಾಡುತ್ತ ಹೋದರೆ ಒಳಗೊಳಗೆ ಇನ್ನೊಂದು, ಮತ್ತೊಂದು. ಆ ಗೆರೆಗಳ ನಡುವೆ ಮಕ್ಕಳು ಕಾಳು ಜೋಡಿಸಬೇಕು, ಜೋಡಿಸುತ್ತ ಎಣಿಸಬೇಕು. ಕೆಂಪಿಗೆ ಗುಲಗಂಜಿ, ಹಳದಿಗೆ ತೊಗರಿಬೇಳೆ, ಹಸಿರಿಗೆ ಹೆಸರು. ನೀಲಿಗೆ ಕಾಳೇ ಇಲ್ಲ. ಬೇಲಿಯ ಶಂಖಪುಷ್ಪ ಕಿತ್ತು ತಂದರು. ಮೆಟ್ಟಿಲ ಮೇಲೆ ಕೂತ ನಾನೂ ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಸಾಲಿ ಬಿಟ್ಟ ಮೇಲೆ ನನಗೆ ಅಷ್ಟು ಖುಷಿ ಕೊಟ್ಟದ್ದು ಬೇರೆ ಯಾವುದೂ ಇರಲಿಲ್ಲ.

ಒಂದು ದಿನ ಅಕ್ಕೋರು ಹೇಳಿದರು: “ಆಗಸ್ಟ್ ಹದಿನೈದರ ಝಂಡಾ ವಂದನಕ್ಕ ನಾವು ಕಾಮನಬಿಲ್ಲಿನ ಕೌದಿ ಮಾಡೋಣು. ಎಲ್ಲಾರೂ ಮನೀಯಿಂದ ಒಂದೊಂದು ಬಣ್ಣದ ಅರಬಿ ತರ್ರಿ. ಆ ದಿನ ತಮ್ಮ ತಮ್ಮ ಬಣ್ಣದ ಮುಂದ ನಿಂತು ಅದರ ಹೆಸರು ಹೇಳಬೇಕು. ಕೆಂಪ ಯಾರ ತರ್ತೀರಿ?”

ಕೆಂಪಿಗೆ ಎಂಟು ಕೈ ಎದ್ದವು. ಹಸಿರಿಗೆ ಆರು. ಕೊನೆಗೆ “ನೇರಳೆ?” ಎಂದಾಗ ಯಾರೂ ಕೈ ಎತ್ತಲಿಲ್ಲ. ಬಡವರ ಮನೆಯಲ್ಲಿ ನೇರಳೆ ಬಣ್ಣದ ಬಟ್ಟೆ ಎಲ್ಲಿಂದ ಬರಬೇಕು?

“ನಾ ತರ್ತೇನ್ರಿ!” ನನ್ನ ತಂಗಿ ಎದ್ದು ನಿಂತಳು.

“ಎಲ್ಲೈತೆವ್ವಾ ನಿಮ್ಮನ್ಯಾಗ ನೇರಳೆ?”

“ಗಿಡದಾಗ ಐತ್ರಿ.”

ಅಕ್ಕೋರು ನಕ್ಕುಬಿಟ್ಟರು, ಆದರೆ ನೇರಳೆಯನ್ನು ಅವಳಿಗೇ ಬಿಟ್ಟರು. ಕೌದಿ ಹೊಲಿಯುವ ಮಾತು ಬಂದಾಗ ಅವ್ವ, “ನನಗ ಕೈ ಬಿಡುವಿಲ್ರೀ ಅಕ್ಕೋರ. ಈಕಿ ಹೊಲೀತಾಳ” ಎಂದು ನನ್ನನ್ನು ಮುಂದೆ ದೂಡಿದಳು. ನಾನು ಒಬ್ಬಳೇ ಹೊಲಿಯುವ ಮೊದಲ ಕೌದಿ! ಆ ರಾತ್ರಿ ಊಟ ಸೇರಲಿಲ್ಲ.

ಹೆಬ್ಬಳ್ಳಿಯಿಂದ ಒಬ್ಬ ಅಜ್ಜಿ ಬುಟ್ಟಿಯಲ್ಲಿ ನೇರಳೆ ಹಣ್ಣು ಹೊತ್ತು ನಮ್ಮ ಓಣಿಗೆ ಬರುತ್ತಿದ್ದಳು. ತಂಗಿ ಅವಳ ಸೆರಗು ಹಿಡಿದಳು.

“ಅಜ್ಜೀ, ತಳದಾಗಿನ ಒಡದ ಹಣ್ಣ ಕೊಡು. ತಿನ್ನಾಕಲ್ಲ, ಬಣ್ಣ ಮಾಡಾಕ.”

“ಬಣ್ಣ ಮಾಡಾಕ? ಯವ್ವಾ, ತಿಂದು ನಾಲಿಗಿ ಹೊರಗ ತಗಿ, ಅದ ಬಣ್ಣ!” ಎಂದು ಅಜ್ಜಿ ನಗುತ್ತಲೇ ಒಡೆದ ಹಣ್ಣನ್ನೆಲ್ಲ ನಮ್ಮ ತಾಟಿಗೆ ಸುರಿದಳು.

ಅಪ್ಪನ ಹಳೆಯ ಗರಗದ ಖಾದಿ ಅಂಗಿಯ ಬೆನ್ನನ್ನು ಕತ್ತರಿಸಿ ಒಂದು ತುಂಡು ಮಾಡಿಕೊಂಡೆವು. ಒರಳಿನಲ್ಲಿ ಹಣ್ಣು ಜಜ್ಜಿದೆವು. ತಂಗಿ ಅರ್ಧ ಜಜ್ಜಿದಳು, ಅರ್ಧ ತಿಂದಳು. ತಾಟಿನಲ್ಲಿ ಉಳಿದ ರಸಕ್ಕೆ ಆಟವಾಡುತ್ತ ನಿಂಬೆ ಹಿಂಡಿದೆ, ರಸ ಝಗ್ ಎಂದು ಕೆಂಪಾಯಿತು! ಇನ್ನೊಂದು ಬಟ್ಟಲಿನ ರಸಕ್ಕೆ ಬಟ್ಟೆ ಒಗೆಯುವ ಸೋಡಾ ಚಿಟಿಕೆ ಹಾಕಿದೆ, ಅದು ನೀಲಿಗೆ ತಿರುಗಿತು! ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಕುಣಿದೆವು. ಒಂದೇ ಹಣ್ಣಿನೊಳಗೆ ಮೂರು ಬಣ್ಣ ಅಡಗಿದ್ದವು, ನಾವೇ ಕಂಡುಹಿಡಿದಿದ್ದೆವು. ಮರುದಿನ ಅಕ್ಕೋರು ಮಕ್ಕಳನ್ನೆಲ್ಲ ಸುತ್ತ ಕೂರಿಸಿ ನಮ್ಮಿಂದ ಅದನ್ನೇ ಮಾಡಿಸಿದರು. ಮೆಟ್ಟಿಲಿನಿಂದ ಒಳಗೆ ಕರೆದು ನನ್ನ ಕೈಗೇ ನಿಂಬೆಹಣ್ಣು ಕೊಟ್ಟರು.

ತಂಗಿ ಖಾದಿಯನ್ನು ಮೂರು ಸಲ ಅದ್ದಿದಳು, ಮೂರು ಸಲ ಒಣಗಿಸಿದಳು. ಯಾರನ್ನೂ ಮುಟ್ಟಗೊಡಲಿಲ್ಲ. ಅದ್ದುವಾಗೆಲ್ಲ ಎರಡು ಬೆರಳಿನಲ್ಲಿ ಮೂಲೆಯನ್ನು ಒತ್ತಿ ಹಿಡಿದಿದ್ದರಿಂದ ಅಲ್ಲಿ ಎರಡು ಪುಟ್ಟ ಬೆರಳಿನ ಗುರುತು ಬೆಳ್ಳಗೆ ಉಳಿಯಿತು. ಹಸಿಯಲ್ಲಿ ಅದು ಎಂಥ ಚಂದದ ನೇರಳೆ! ಒಣಗಿದ ಮೇಲೆ ಮಾತ್ರ ಬೂದಿ ಬೆರೆತಂತಾಗಿತ್ತು. ಅವಳಿಗೆ ಅದು ಕಾಣಲೇ ಇಲ್ಲ. “ಅಕ್ಕಾ, ಇದನ್ನ ಎಲ್ಲಾರಿಗೂ ಕಾಣೂ ಹಂಗ ಹಚ್ಚು” ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು.

ನಾನು ಹೊಲಿಯತೊಡಗಿದೆ. ಉದ್ದ ಪಟ್ಟಿಯನ್ನು ಬಿಲ್ಲಿನಂತೆ ಬಾಗಿಸುವುದು ಸುಲಭವಲ್ಲ, ಒಳಗಿನ ಅಂಚು ಮುದುರಿಕೊಳ್ಳುತ್ತದೆ. ಅಲ್ಲಲ್ಲಿ ಸಣ್ಣ ನಿರಿಗೆ ಹಿಡಿದು ಕೂರಿಸುವುದನ್ನು ನಾನೇ ಕಲಿತೆ. ಕೆಂಪು ಕೂತಿತು. ಕಿತ್ತಳೆ ಕೂತಿತು. ಆರು ಬಣ್ಣ ಕೂತಾಗ ನೆಲದ ಮೇಲೆ ಆಕಾಶ ಹಾಸಿದಂತೆ ಕಂಡಿತು. ದಾರಿಯಲ್ಲಿ ಹೋಗುವವರು ನಿಂತು ನೋಡಿ ಹೋಗುತ್ತಿದ್ದರು. ನನ್ನ ತಲೆ ತಿರುಗಿದ್ದು ಆಗಲೇ.

ಝಂಡಾ ವಂದನದ ಹಿಂದಿನ ಮಧ್ಯಾಹ್ನ, ಸಿಂಪಿಗನ ಅಂಗಡಿಯ ಮುಂದೆ ಕತ್ತರಿಸಿ ಎಸೆದ ಚೂರುಗಳಲ್ಲಿ ಕುಪ್ಪಸದ ರೇಷ್ಮೆ ಖಣದ ಒಂದು ತುಂಡು ಸಿಕ್ಕಿತು. ಅಪ್ಪಟ ನೇರಳೆ. ಆಚೀಚೆ ತಿರುಗಿಸಿದರೆ ಮಿಂಚುತ್ತಿತ್ತು. ಒಳಗಿನ ಸಣ್ಣ ಬಿಲ್ಲಿಗೆ ಸರಿಯಾಗಿ ಸಾಕಾಗುವಷ್ಟಿತ್ತು. ಮನೆಗೆ ಓಡಿ ಬಂದು ತಂಗಿಯ ತುಂಡಿನ ಪಕ್ಕ ಇಟ್ಟು ನೋಡಿದೆ. ತಂಗಿಯದು ಒರೆಸುವ ಬಟ್ಟೆಯ ಹಾಗೆ ಕಂಡಿತು. ತಂಗಿ ಬಾಲವಾಡಿಯಲ್ಲಿದ್ದಳು. ಅವಳು ಬರುವುದರೊಳಗೆ ರೇಷ್ಮೆಯನ್ನು ಹೊಲಿದುಬಿಟ್ಟೆ.

ನಮ್ಮ ಮನೆಯಲ್ಲಿ ಒಂದು ರೂಢಿ. ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಣ ರೊಟ್ಟಿಯ ಚೂರೊಂದನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಡಬೇಕು. ಕೌದಿಯ ಉಡಿ ತುಂಬುವುದು ಎನ್ನುತ್ತಾರೆ. ಕೌದಿ ಹಸಿದಿದ್ದರೆ ಹೊದ್ದವರೂ ಹಸಿಯುತ್ತಾರಂತೆ. ಬೆಳಿಗ್ಗೆಯೇ ತಂಗಿ ತನ್ನ ರೊಟ್ಟಿಯಿಂದ ಚೂರು ಮುರಿದು, “ಕೌದಿಗೆ ಉಣಸು” ಎಂದು ಕೊಟ್ಟು ಹೋಗಿದ್ದಳು. ಆ ಚೂರನ್ನು ಅವಳದೇ ನೇರಳೆ ತುಂಡಿನಲ್ಲಿ ಸುತ್ತಿ ಮೂಲೆಯೊಳಗೆ ಇಟ್ಟು ಹೊಲಿದೆ. ಕೌದಿಯೊಳಗೆ ಇದೆಯಲ್ಲ, ಹಾಗಾದರೆ ಸುಳ್ಳೇನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಮರುದಿನ ಅಂಗಳದ ಹಗ್ಗದ ಮೇಲೆ ಕೌದಿ ಹರಡಿದಾಗ ಎಲ್ಲರೂ ಹೋ ಎಂದರು. ಅಕ್ಕೋರು ನನ್ನ ಬೆನ್ನು ತಟ್ಟಿದರು. ಮಕ್ಕಳು ತಮ್ಮ ತಮ್ಮ ಬಣ್ಣದ ಮುಂದೆ ಬಂದು ಗಂಟಲು ಹರಿಯುವಂತೆ ಹೆಸರು ಹೇಳಿದರು. ಕೊನೆಗೆ ತಂಗಿ ಬಂದಳು. ನೇರಳೆ ಪಟ್ಟಿಯನ್ನು ಮುಟ್ಟಿದಳು. ಮೂಗು ಹಚ್ಚಿ ಮೂಸಿ ನೋಡಿದಳು.

“ಇದು ನಂದಲ್ಲ.”

“ಯಾಕ?” ಎಂದರು ಅಕ್ಕೋರು.

“ನಂದು ಹೊಳೀತಿದ್ದಿಲ್ರಿ.”

ಎಲ್ಲರೂ ನಕ್ಕರು. ಅಕ್ಕೋರು ನನ್ನ ಕಡೆ ನೋಡಿದರು. ನನ್ನ ಬಾಯಿಂದ ಮಾತು ತಾನಾಗಿ ಬಂದುಬಿಟ್ಟಿತು. “ಅಕೀದ ಐತ್ರಿ. ಇಸ್ತ್ರಿ ಹಾಕಿದ್ನಿರಿ, ಅದಕ್ಕ ಹೊಳಪು ಬಂತು.”

ತಂಗಿ ನನ್ನ ಮುಖವನ್ನೇ ನೋಡಿದಳು. “ಖರೇನ ಅಕ್ಕಾ? ನಂದು ರೇಶ್ಮಿ ಆತು?”

“ಖರೇ.”

ಅವಳು ನಂಬಿದಳು. ಕೌದಿಗೆ ಕೆನ್ನೆ ಹಚ್ಚಿ, “ನೇರಳೆ!” ಎಂದು ಎಲ್ಲರಿಗಿಂತ ಜೋರಾಗಿ ಕೂಗಿದಳು. ಅವಳು ಅನುಮಾನ ಪಟ್ಟಿದ್ದರೆ, ಅತ್ತಿದ್ದರೆ, ನಾನು ಅಂದೇ ಒಪ್ಪಿಕೊಳ್ಳುತ್ತಿದ್ದೆನೋ ಏನೋ. ಇಂದಿಗೂ ಹಾಗೆಂದುಕೊಂಡೇ ನನ್ನನ್ನು ನಾನು ಸಮಾಧಾನ ಮಾಡಿಕೊಳ್ಳುತ್ತೇನೆ.

ಆಮೇಲೆ ಅವಳು ಓಣಿಯಲ್ಲಿ ಎದುರಾದವರಿಗೆಲ್ಲ ಅದನ್ನೇ ಹೇಳಿದಳು. ನೇರಳೆ ಹಣ್ಣಿನಲ್ಲಿ ಅದ್ದಿದ ಖಾದಿಗೆ ನಮ್ಮಕ್ಕ ಇಸ್ತ್ರಿ ಹಾಕಿದರೆ ರೇಷ್ಮೆಯಾಗುತ್ತದೆ ಎಂದು. ಒಬ್ಬ ಹುಡುಗಿ ಹಾಗೇ ಅದ್ದಿದ ಕೈವಸ್ತ್ರ ತಂದು ನನ್ನ ಮುಂದೆ ಹಿಡಿದಳು. “ಇಸ್ತ್ರಿಗೆ ಕೆಂಡ ಇಲ್ಲ” ಎಂದು ಒಳಗೆ ಹೋದೆ. ಆ ಹುಡುಗಿ ತನ್ನ ಮನೆಯಲ್ಲೇ ಇಸ್ತ್ರಿ ಹಾಕಿಸಿದಳು. ಕೈವಸ್ತ್ರ ಕಂದಿ ಹೋಯಿತು. ಅಂದಿನಿಂದ ಓಣಿಯ ಹುಡುಗರಿಗೆ ಒಂದು ಆಟ ಸಿಕ್ಕಿತು.

“ಏ ರೇಶ್ಮಿ ಇಸ್ತ್ರೀ! ನಮ್ಮಪ್ಪನ ಧೋತ್ರಕ್ಕೂ ಒಂದ್ ಕೈ ಹಾಕಿಸಿಕೊಡಬೇ!”

“ನಮ್ಮಕ್ಕ ಸುಳ್ಳ ಹೇಳಂಗಿಲ್ಲ!” ಎಂದು ತಂಗಿ ಕಲ್ಲು ಎತ್ತಿಕೊಂಡು ಅವರ ಹಿಂದೆ ಓಡುತ್ತಿದ್ದಳು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಅವಳ ಮಾತು ಕೇಳಿಸಬಾರದೆಂದು ಇನ್ನಷ್ಟು ಜೋರಾಗಿ ಬಡಿಯುತ್ತಿದ್ದೆ. ಸಾಲಿಗೆ ಸೇರಿದ ಮೇಲೂ ಆ ಹೆಸರು ಅವಳನ್ನು ಬಿಡಲಿಲ್ಲ. ಎರಡನೆಯ ಇಯತ್ತೆಯ ಹೊತ್ತಿಗೆ ಅವಳು ಕಲ್ಲು ಎತ್ತುವುದನ್ನು ಬಿಟ್ಟಳು. ಬಣ್ಣದ ತಂಟೆಗೂ ಹೋಗಲಿಲ್ಲ. ನನ್ನನ್ನು ಒಮ್ಮೆಯೂ ಏನೂ ಕೇಳಲಿಲ್ಲ.

ಏಳು ವರ್ಷದ ಮೇಲೆ ಬಾಲವಾಡಿಯ ಹೊಸ ಅಕ್ಕೋರು ಆ ಕೌದಿಯನ್ನು ನಮ್ಮ ಮನೆಗೆ ತಂದರು. ಮಕ್ಕಳು ಕೂತು, ಎಳೆದು, ಉಚ್ಚೆ ಹೊಯ್ದು ಅದು ಚಿಂದಿಯಾಗಿತ್ತು. ಹೊಸ ಬಟ್ಟೆ ಹಚ್ಚಿ ಮತ್ತೆ ಕಾಮನಬಿಲ್ಲು ಮಾಡಿಕೊಡಬೇಕಂತೆ. ಅಷ್ಟರಲ್ಲಿ ಓಣಿಯ ಕೌದಿಗಳೆಲ್ಲ ನನ್ನ ಕೈಗೆ ಬಂದಿದ್ದವು. ಕಟ್ಟೆಯ ಮೇಲೆ ಹಾಸಿ ಬಿಚ್ಚತೊಡಗಿದೆ. ಹನ್ನೆರಡು ವರ್ಷದ ತಂಗಿ ಸಾಲಿಯಿಂದ ಬಂದು, ಚೀಲ ಬಿಸಾಕಿ ಎದುರು ಕೂತಳು.

“ನಾನೂ ಬಿಚ್ಚತೇನಿ. ಒಂದು ಬ್ಲೇಡ್ ಕೊಡು.”

ನೀರಿಗೆ ಕಳಿಸಬಹುದಿತ್ತು. ಒಲೆ ಹಚ್ಚು ಎನ್ನಬಹುದಿತ್ತು. ಬ್ಲೇಡು ಕೊಟ್ಟು, ಆ ಮೂಲೆಯನ್ನೇ ಅವಳ ಕಡೆ ತಿರುಗಿಸಿದೆ. ಬಾಯಿಂದ ಹೇಳುವ ಧೈರ್ಯ ನನಗೆ ಇರಲಿಲ್ಲ.

ಹೊಲಿಗೆ ಪಟಪಟ ಬಿಚ್ಚಿಕೊಂಡಿತು. ಗಂಟು ಹೊರಬಿತ್ತು. ರೊಟ್ಟಿ ಪುಡಿಯಾಗಿತ್ತು. ಅವಳು ಪುಡಿ ಕೊಡವಿ ಬಟ್ಟೆಯನ್ನು ತೊಡೆಯ ಮೇಲೆ ಬಿಡಿಸಿದಳು. ಚಹಾ ಚೆಲ್ಲಿದಂಥ ಬಣ್ಣ. ಮೂಲೆಯಲ್ಲಿ ಎರಡು ಪುಟ್ಟ ಬೆರಳು. ಅವಳು ತನ್ನ ಬೆರಳು ಎರಡನ್ನು ಅದರ ಮೇಲಿಟ್ಟಳು. ಗುರುತು ಬೆರಳಿನ ಕೆಳಗೆ ಮುಚ್ಚಿಹೋಯಿತು.

“ಇಸ್ತ್ರಿ?” ಎಂದಳು. ಅಷ್ಟೇ.

“ಹಾಕಿದ್ದಿಲ್ಲ.”

ಬೈಯಲಿ, ಹೊಡೆಯಲಿ ಎಂದು ಕಾದೆ.

“ಇದನ್ನ ಮ್ಯಾಲ ಹಚ್ಚು.”

“ಬಣ್ಣ ಹೋಗೇತಿ ತಂಗಿ. ಹೊಸಾ ನೇರಳೆ ತಂದೇನಿ…”

“ಬಣ್ಣ ಹೋಗಿದ್ದು ನನಗೂ ಕಾಣಾಕತ್ತೇತಿ. ಮ್ಯಾಲ ಹಚ್ಚು. ಇಲ್ಲಾ ಸೂಜಿ ನನಗ ಕೊಡು.”

ಸೂಜಿ ಕೊಟ್ಟೆ. ಅವಳಿಗೆ ನಿರಿಗೆ ಹಿಡಿಯಲು ಬರುತ್ತಿರಲಿಲ್ಲ, ತೋರಿಸಿಕೊಟ್ಟೆ. ಖಾದಿ ಪೂರ್ತಿ ಸಾಲಲಿಲ್ಲ, ಬಿಲ್ಲಿನ ನಡುವೆ ಮಾತ್ರ ಅವಳದು, ಎರಡೂ ಕಡೆ ಹೊಸದು. ಉಡಿ ತುಂಬುವಾಗ ರೊಟ್ಟಿಯ ಚೂರನ್ನು ಹರಿದ ರೇಷ್ಮೆಯಲ್ಲಿ ಸುತ್ತಿ ಅವಳೇ ಒಳಗಿಟ್ಟಳು.

ಕೌದಿ ಒಯ್ದ ದಿನ ಇಬ್ಬರೂ ಹೋದೆವು. ಹಗ್ಗದ ಮೇಲೆ ಹಾಕಿದ್ದೇ ತಡ ಮಕ್ಕಳು ಮುತ್ತಿದರು. ಒಂದು ಪೋರಿ ಬೆರಳು ಮಾಡಿ, “ಅಕ್ಕೋರ, ಇಲ್ಲಿ ಹೊಲಸ ಐತ್ರಿ” ಎಂದಳು.

“ಹೊಲಸಲ್ಲ, ನೇರಳೆ,” ಎಂದಳು ತಂಗಿ. “ನಿನ್ನಷ್ಟ ಇದ್ದಾಗ ನಾ ಮಾಡಿದ್ದು.”

“ನೇರಳೆ ಹಿಂಗಿರಂಗಿಲ್ಲ. ಸುಳ್ಳ!”

ತಂಗಿ ನನ್ನ ಕಡೆ ತಿರುಗಿದಳು. ಅದೇ ಅಂಗಳ, ಅದೇ ಹಗ್ಗ. “ಹೌದಲ್ಲ ಅಕ್ಕಾ?”

“ಹೌದು. ಅಕೀನ ಮಾಡಿದ್ದು,” ಎಂದೆ. “ಅವತ್ತ ಸುಳ್ಳ ಹೇಳಿದಾಕಿ ನಾನು. ಇಸ್ತ್ರೀದ್ದು, ರೇಶ್ಮೀದ್ದು ಎಲ್ಲಾ ಸುಳ್ಳು.”

ಹೊಸ ಅಕ್ಕೋರಿಗೆ ಏನೂ ತಿಳಿಯಲಿಲ್ಲ. ಮಕ್ಕಳಿಗೆ ಅದು ಬೇಕಾಗಿಯೂ ಇರಲಿಲ್ಲ. ‘ರೇಶ್ಮಿ ಇಸ್ತ್ರಿ’ ಎಂದು ಕೂಗಿದವರು ಒಬ್ಬರೂ ಅಲ್ಲಿರಲಿಲ್ಲ. ಅವರಲ್ಲಿ ಯಾರಾದರೂ ಓದಲಿ ಎಂದೇ ಇದನ್ನು ಬರೆದಿದ್ದೇನೆ.

ತಂಗಿ ಆ ಪೋರಿಯ ಕೈ ಹಿಡಿದು ಅಂಗಳದ ನಡುವೆ ಎಳೆದುಕೊಂಡು ಹೋಗಿ, “ಬಾ ಇಲ್ಲೆ, ನನ್ನ ಹಿಂದ ನಿಂದರು. ಖರೇ ನೇರಳೆ ತೋರಸ್ತೇನಿ” ಎಂದಳು. ಚರಿಗೆ ಎತ್ತಿದಳು, ಕೆನ್ನೆ ಉಬ್ಬಿಸಿದಳು, ಬಿಸಿಲಿಗೆ ಬೆನ್ನು ಕೊಟ್ಟು ನಿಂತಳು.