ಖಂಡೇನವಮಿಯ ಪಾನಾಗಳು

ನನ್ನ ಹೆಂಡತಿ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಸೈಕಲ್ ಹೊಡೆಯುವುದನ್ನು ಕಲಿತಳು. ಕಲಿತದ್ದು ಎದುರುಮನೆಯವರ ಸೈಕಲ್ಲಿನ ಮೇಲೆ, ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ, ಮೂರೇ ವಾರದಲ್ಲಿ. ಬಿಡುವಿದ್ದಾಗಲೆಲ್ಲ ಸೈಕಲ್ ಕಟ್ಟುವ ಗಂಡ ಮನೆಯಲ್ಲೇ ಇದ್ದ. ಆದರೆ ಅವಳಿಗೆಂದು ನಾನು ಕಟ್ಟಲು ಹಿಡಿದಿದ್ದ ಸೈಕಲ್ ಏಳು ತಿಂಗಳಾದರೂ ಮುಗಿದಿರಲಿಲ್ಲ.

ಮುಗಿದಿರಲಿಲ್ಲ ಎನ್ನುವುದು ಅವಳ ಮಾತು. ನನ್ನ ಲೆಕ್ಕದಲ್ಲಿ ಅದು ಎರಡು ಸಲ ಮುಗಿದಿತ್ತು. ಕಲ್ಯಾಣದ ಗುಜರಿ ಅಂಗಡಿಯಲ್ಲಿ ಸಿಕ್ಕ ಹಳೆಯ ಫ್ರೇಮಿನ ತುಕ್ಕು ಉಜ್ಜಿ, ನವಿಲು ನೀಲಿ ಬಣ್ಣ ಹೊಡೆಸಿ, ಅಕ್ಷಯ ತೃತೀಯಾದ ಹೊತ್ತಿಗೇ ನಿಲ್ಲಿಸಿದ್ದೆ. ಆಮೇಲೆ ಚಕ್ರ ಭಾರವೆನಿಸಿತು, ಬಿಚ್ಚಿದೆ. ನಾಗರಪಂಚಮಿಗೆ ಮತ್ತೆ ನಿಲ್ಲಿಸಿದೆ. ಬ್ರೇಕು ಒರಟೆನಿಸಿತು, ಬಿಚ್ಚಿದೆ. ಗಣಪತಿ ಬಂದಾಗ ಗ್ಯಾಲರಿಯಲ್ಲಿ ಉಳಿದದ್ದು ಬರೀ ಫ್ರೇಮು. ಅದರ ಮೇಲೆ ಅವಳು ಒದ್ದೆ ಟವೆಲ್ ಒಣಹಾಕುತ್ತಿದ್ದಳು.

ಐರೋಲಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಉಡುಪಿ ಕಡೆಯ ಗೆಳೆಯನಿಗೂ ಇದೇ ಹುಚ್ಚು. ಅವನು ಕೊಟ್ಟ ಹಗುರ ಚಕ್ರವನ್ನು ಸಂಜೆಯ ಗದ್ದಲದಲ್ಲಿ, ಠಾಣೆಯಲ್ಲಿ ಲೋಕಲ್ ರೈಲು ಬದಲಿಸಿ, ತಲೆಯ ಮೇಲೆ ಎತ್ತಿ ಹಿಡಿದು ತಂದೆ. ಉಳಿದ ಸೈಕಲ್ ಹಿಂದಿನ ಗಾಡಿಗೆ ಬರುತ್ತಿದೆಯೇ ಎಂದು ಡಬ್ಬಿಯಲ್ಲಿ ಯಾರೋ ಕೇಳಿದರು. ಡಬ್ಬಿಗೆ ಡಬ್ಬಿಯೇ ನಕ್ಕಿತು. ದಿವಾ ಸ್ಟೇಶನ್ ಬರುವವರೆಗೆ ನಾನು ಯಾರ ಮುಖವನ್ನೂ ನೋಡಲಿಲ್ಲ.

ಅಷ್ಟರಲ್ಲಿ ಸೊಸೈಟಿಯ ಹೆಂಗಸರು ಒಂದು ಯೋಜನೆ ಹಾಕಿದರು. ದಸರೆಯ ದಿನ ಬೆಳಿಗ್ಗೆ, ಗಾಡಿಗಳ ಗಲಾಟೆ ಶುರುವಾಗುವ ಮೊದಲು, ಎಲ್ಲರೂ ಸೈಕಲ್ಲಿನ ಮೇಲೆ ಕಾರ್ಖಾನೆಗಳ ಕಡೆಯ ದೊಡ್ಡ ರಸ್ತೆಯವರೆಗೆ ಹೋಗಿ ಬರುವುದು. ನನ್ನವಳು ವಿಜಯಪುರದಲ್ಲಿ ಅಣ್ಣಂದಿರ ಸೈಕಲ್ಲಿನ ಹಿಂದಿನ ಕ್ಯಾರಿಯರ್ ಮೇಲೆ ಕೂತೇ ಹೈಸ್ಕೂಲು ಮುಗಿಸಿದವಳು. ಮುಂದಿನ ಸೀಟಿನ ಆಸೆ ಅವಳಿಗೆ ಅಂದಿನಿಂದಲೂ ಇತ್ತು. ಎದುರುಮನೆಯ ಸೈಕಲ್ಲನ್ನು ಆ ದಿನ ಎದುರುಮನೆಯವರೇ ಒಯ್ಯುವವರಿದ್ದರು. ನನ್ನದು ನಿಲ್ಲದಿದ್ದರೆ ಇವಳು ಗ್ಯಾಲರಿಯಲ್ಲಿ ನಿಂತು ಕೈ ಬೀಸಬೇಕಿತ್ತು.

ದಸರೆಯ ಹಿಂದಿನ ದಿನ, ಖಂಡೇನವಮಿಯ ಬೆಳಿಗ್ಗೆ, ಸೈಕಲ್ ಸಿದ್ಧವಾಗಿ ನಿಂತಿತ್ತು. ಗೇರು ಮಾತ್ರ ಒಂದೊಂದು ಸಲ ಜಿಗಿಯುತ್ತಿತ್ತು. ಊಟವಾದ ಮೇಲೆ ಹಿಂದಿನ ಗೇರನ್ನು ಪೂರ್ತಿ ಬಿಚ್ಚಿ ಹೊಸದನ್ನು ಕೂಡಿಸೋಣ ಎಂದುಕೊಂಡೆ. ಆಗ ಅವಳು ಬಂದು, "ರೀ, ನಿಮ್ಮ ಪಾನಾ ಗೀನಾ ಎಲ್ಲಾ ಕೊಡ್ರಿ, ಪೂಜಾಕ್ಕ ಇಡ್ತೀನಿ" ಎಂದಳು.

ಇಪ್ಪತ್ತನಾಲ್ಕು ವರ್ಷಗಳಲ್ಲಿ ನಮ್ಮ ಮನೆಯ ಆಯುಧಪೂಜೆಯಲ್ಲಿ ಈಳಿಗೆ, ಕತ್ತರಿ, ಹೊಲಿಗೆ ಯಂತ್ರ, ನನ್ನ ಲ್ಯಾಪ್‌ಟಾಪು, ಒಮ್ಮೆ ಮಿಕ್ಸರು ಕೂಡ ಕುಂಕುಮ ಹಚ್ಚಿಸಿಕೊಂಡಿದ್ದವು. ನಟ್ಟು ಬಿಚ್ಚುವ ನನ್ನ ಪಾನಾಗಳನ್ನು ಯಾರೂ ಕೇಳಿರಲಿಲ್ಲ. ಒಂದೊಂದನ್ನೂ ಎಣ್ಣೆಬಟ್ಟೆಯಿಂದ ಒರೆಸಿ, ಕಿರುಬೆರಳಿಗಿಂತ ಸಣ್ಣ ಅಲೆನ್ ಕೀವರೆಗೆ, ದೇವರ ಮುಂದೆ ನಾನೇ ಸಾಲಾಗಿ ಜೋಡಿಸಿದೆ. "ಇನ್ನೇನರ ಉಳದದ ಏನ್ರಿ?" ಎಂದು ಅವಳು ಎರಡೆರಡು ಸಲ ಕೇಳಿದಳು. ಅವಳ ಭಕ್ತಿಗೆ ಮೆಚ್ಚಿ, ಡ್ರಾಯರಿನ ತಳದಲ್ಲಿದ್ದ ಹಿಡಿಕೆ ಮುರಿದ ಸ್ಕ್ರೂಡ್ರೈವರನ್ನೂ ಹುಡುಕಿ ತಂದುಕೊಟ್ಟೆ. ಚೆಂಡುಹೂವು ಏರಿತು, ಆರತಿಯಾಯಿತು.

ಹೋಳಿಗೆ ಇಳಿದ ಮೇಲೆ ನನಗೆ ಬುದ್ಧಿ ಬಂತು. ಪೂಜೆಗಿಟ್ಟದ್ದನ್ನು ಮರುದಿನ ಉತ್ತರಪೂಜೆ ಮಾಡಿ ಎತ್ತುವ ತನಕ ಮುಟ್ಟುವಂತಿಲ್ಲ. ನಮ್ಮ ಮನೆಯಲ್ಲಿ ಇದು ಎಷ್ಟು ಕಟ್ಟುನಿಟ್ಟೆಂದರೆ, ಈಳಿಗೆ ದೇವರ ಮುಂದಿರುತ್ತದೆಂದು ತರಕಾರಿಯನ್ನು ಹಿಂದಿನ ದಿನವೇ ಹೆಚ್ಚಿಡುತ್ತೇವೆ.

ಗೇರಿನ ಸ್ಕ್ರೂವನ್ನು ಹತ್ತು ರೂಪಾಯಿ ನಾಣ್ಯದಿಂದ ತಿರುಗಿಸಿ ನೋಡಿದೆ. ಚಮಚದ ಹಿಡಿಯಿಂದ ನೋಡಿದೆ, ಚಮಚ ಬಾಗಿತು. ಐರೋಲಿಯ ಗೆಳೆಯನಿಗೆ ಫೋನು ಹಚ್ಚಿದೆ. "ಎಂಥದು ಮಾರಾಯ್ರೇ, ನನ್ನದೂ ಪೂಜೆಯಲ್ಲುಂಟು. ಇವತ್ತೊಂದು ದಿವಸ ಸುಮ್ಮನೆ ಕೂತ್ಕೊಳ್ಳಿ ನೋಡುವ" ಎಂದ. ಸೈಕಲ್ ತಳ್ಳಿಕೊಂಡು ಸ್ಟೇಶನ್ ಬಳಿಯ ಪಂಕ್ಚರ್ ಅಂಗಡಿಗೆ ಹೋದೆ. ಅಂಗಡಿಯವನು ಕಲಬುರಗಿ ಕಡೆಯವನು. ಅವನ ಪಂಪಿಗೂ ಹಾರ ಬಿದ್ದಿತ್ತು. "ಇವತ್ತ ಗಾಳಿನೂ ಹಾಕಂಗಿಲ್ರಿ ಸಾಹೇಬ್ರ" ಎಂದು ಕೈಯಲ್ಲಿ ಪ್ರಸಾದವಿಟ್ಟ. ಅಲ್ಲಿಂದ ಮರಾಠಿಯವನೊಬ್ಬನ ಅಂಗಡಿ. ಅವನ ಪೂಜೆ ದಸರೆಯ ದಿನ, ಹಾಗಾಗಿ ಪಾನಾ ಕೈಯಲ್ಲೇ ಇತ್ತು. ಅವನು ಪೆಡಲ್ ತಿರುಗಿಸಿ, ಬ್ರೇಕು ಹಿಡಿದು ನೋಡಿ, ಇಷ್ಟು ಚೆನ್ನಾಗಿರುವ ಸೈಕಲ್ಲನ್ನು ಸುಮ್ಮನೆ ಯಾಕೆ ಬಿಚ್ಚಿಸುತ್ತೀರಿ ಎಂದು ಬೈದು ಕಳಿಸಿದ. ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ದಸರೆಯ ಬೆಳಿಗ್ಗೆ ಅವಳು ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಹೊರಟಳು. "ಗೇರು ಜಿಗಿತದ, ಹುಷಾರ" ಎಂದು ಗೇಟಿನವರೆಗೂ ಹಿಂದೆ ಓಡಿದೆ. ಅವಳು ತಿರುಗಿ ನೋಡಲಿಲ್ಲ, ತಿರುಗಿದರೆ ಬೀಳುತ್ತಾಳೆ.

ಗೇಟಿನ ಬಳಿ ಮುಕ್ಕಾಲು ಗಂಟೆ ನಿಂತೆ. ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಚಕ್ರ ಭಾರ, ಬ್ರೇಕು ಒರಟು ಎಂದು ಇಷ್ಟು ತಿಂಗಳು ನಾನು ಹೇಳಿದ್ದೆಲ್ಲ ಬರೀ ನೆಪವೇ ಎಂದು ಆಗ ಅನುಮಾನ ಬಂತು. ಆ ರಸ್ತೆಯಲ್ಲಿ ಟ್ಯಾಂಕರುಗಳು ಓಡಾಡುತ್ತವೆ. ಅದಲ್ಲದೆ, ಸೈಕಲ್ ಮುಗಿದರೆ ಅದು ಅವಳದಾಗುತ್ತದೆ, ಭಾನುವಾರಗಳು ಖಾಲಿಯಾಗುತ್ತವೆ. ಈ ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಿದ್ದೆನೆಂದು ನನಗೇ ಗೊತ್ತಿಲ್ಲ.

ಬಂದಳು. ಮುಖ ಕೆಂಪಾಗಿತ್ತು, ಜಡೆ ಬಿಚ್ಚಿತ್ತು, ಒಬ್ಬಳೇ ನಗುತ್ತಿದ್ದಳು. ಹಾಗೆ ನಕ್ಕದ್ದನ್ನು ನಾನು ನೋಡಿ ಬಹಳ ವರ್ಷಗಳಾಗಿದ್ದವು.

"ಗೇರು ಜಿಗೀತೇನು?" ಎಂದೆ.

"ಯಾವ ಗೇರ್ರಿ? ನಾ ಅದನ್ನ ಮುಟ್ಟೇ ಇಲ್ಲ."

ಗಣಪತಿ ಹೋದ ಮೇಲಿನ ಭಾನುವಾರಗಳೆಲ್ಲ ಆ ಗೇರಿಗೇ ಹೋಗಿದ್ದವು. ಮೆಟ್ಟಿಲು ಹತ್ತುವಾಗ ಅವಳೇ ಬಾಯಿಬಿಟ್ಟಳು: "ಪೂಜಾಕ್ಕ ಯಾಕ ಕೇಳಿದ್ದೆ ಅಂತ ಮಾಡೀರಿ? ನಿಮ್ಮ ಕೈಯಾಗ ಪಾನಾ ಇದ್ದರ ಈ ಸೈಕಲ್ ನನ್ನ ಕೈಗೆ ಬರ್ತಿತ್ತೇನು?"

ಸ್ನಾನ ಮಾಡಿ, ಮಡಿ ಉಟ್ಟು, ದೇವರ ಮುಂದೆ ಬಹಳ ವಿನಯದಿಂದ ಕೂತು, "ಹೊತ್ತಾತು, ಉತ್ತರಪೂಜಾ ಮುಗಿಸಿಬಿಡೋಣ" ಎಂದೆ.

"ಪಾನಾ ಅಲ್ಲೇ ಇರವಲ್ಲದ್ಯಾಕ ಬಿಡ್ರಿ. ನಾಳೆನೂ ನಾ ಹೋಗಬೇಕು" ಎಂದು ಅವಳು ದೀಪಕ್ಕೆ ಇನ್ನಷ್ಟು ಎಣ್ಣೆ ಹಾಕಿದಳು.