ಉಪ್ಪಿಲ್ಲದ ಓಣಿ

ಸಫ್ರೂ ಊರಿನ ಕೋಟೆಯೊಳಗಿನ ಕಮ್ಮಾರರ ಓಣಿಯನ್ನು ಆಳುವವರು ಯಾರು ಎಂದು ಯಾರಾದರೂ ಕೇಳಿದರೆ, ರೊಟ್ಟಿ ಭಟ್ಟಿಯ ಬೂಶ್ತಾ ಮೊದಲು ವಿನಯದಿಂದ ತಲೆ ತಗ್ಗಿಸುತ್ತಿದ್ದ. ಆಮೇಲೆ "ದೇವರು" ಎನ್ನುತ್ತಿದ್ದ. ಆಮೇಲೆ, ಕೇಳಿದವರು ಇನ್ನೇನಾದರೂ ಹೇಳುತ್ತಾರೇನೋ ಎಂದು ಸ್ವಲ್ಪ ಹೊತ್ತು ಕಾಯುತ್ತಿದ್ದ.

ಹಾಗೆ ಕಾಯುವುದಕ್ಕೆ ಅವನಿಗೆ ಕಾರಣವೂ ಇತ್ತು. ಓಣಿಯ ಪ್ರತಿ ಮನೆಯ ಹಿಟ್ಟೂ ಬೆಳಿಗ್ಗೆ ಹಲಗೆಯ ಮೇಲೆ ಬಟ್ಟೆ ಹೊದ್ದುಕೊಂಡು ಅವನ ಭಟ್ಟಿಗೆ ಬರಬೇಕು, ಮಧ್ಯಾಹ್ನ ರೊಟ್ಟಿಯಾಗಿ ಮನೆಗೆ ಮರಳಬೇಕು. ಯಾವ ರೊಟ್ಟಿ ಯಾರ ಮನೆಯದೆಂದು ನೋಡಿದ ಕೂಡಲೇ ಹೇಳುತ್ತಿದ್ದ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಹಿಟ್ಟಿನ ಮೇಲಿನ ಬೆರಳ ಗುರುತು ನೋಡಿ ಯಾವ ಮನೆಯಲ್ಲಿ ಅತ್ತೆ ಸೊಸೆ ಮಾತು ಬಿಟ್ಟಿದ್ದಾರೆ ಎಂದೂ ಹೇಳುತ್ತಿದ್ದ. ಅರ್ಧಕ್ಕರ್ಧ ಸುಳ್ಳಾಗುತ್ತಿತ್ತು. ಆದರೆ ಅವನು ಅದನ್ನು ಎಷ್ಟು ಗಂಭೀರವಾಗಿ ಹೇಳುತ್ತಿದ್ದನೆಂದರೆ, ಕೆಲವು ಸಲ ಸಂಜೆಯ ಹೊತ್ತಿಗೆ ಅತ್ತೆ ಸೊಸೆ ನಿಜವಾಗಿಯೂ ಮಾತು ಬಿಟ್ಟಿರುತ್ತಿದ್ದರು.

ಭಟ್ಟಿಯ ಎದುರು ಮನೆಯ ಮಹಡಿಯಲ್ಲಿ ತೂದಾ ಇದ್ದಳು. ಗಂಡ ಅಲ್ಲಾಲ್ ಫೆಸ್ ನಗರಕ್ಕೆ ಹೋಗುವ ರಸ್ತೆಯಲ್ಲಿ ಬಾಡಿಗೆ ಕಾರು ಓಡಿಸುವವನು. ಎರಡು ಸಲ ಬಸಿರು ನಿಂತು ಎರಡು ಸಲವೂ ಕೈತಪ್ಪಿ ಹೋಗಿತ್ತು. ಮೂರನೆಯ ಸಲ ನಿಂತಾಗ ಬಿಪಿ ಏರಿತು. ಆರೋಗ್ಯ ಕೇಂದ್ರದ ಸೂಲಗಿತ್ತಿ ಇಕ್ರಾಮ್, ವಯಸ್ಸಿನಲ್ಲಿ ಚಿಕ್ಕವಳಾದರೂ ಮಾತಿನಲ್ಲಿ ಹಿರಿಯಳು, ಅಲ್ಲಾಲನನ್ನು ಎದುರಿಗೆ ಕೂರಿಸಿಕೊಂಡು ಹೇಳಿದಳು: "ಎಡಮಗ್ಗುಲಿಗೇ ಮಲಗ್ಬೇಕು. ಭಾರ ಎತ್ತೋ ಹಾಗಿಲ್ಲ, ಮೆಟ್ಟಿಲಿಳಿಯೋ ಹಾಗಿಲ್ಲ. ಮಾತ್ರೆ ತಪ್ಪಿಸ್ಬಾರ್ದು, ಉಪ್ಪು ಮುಟ್ಬಾರ್ದು. ತಲೆ ಸಿಡಿದ್ರೆ, ಕಣ್ಮುಂದೆ ಕಿಡಿ ಹಾರಿದ ಹಾಗಾದ್ರೆ, ಚಹಾ ಕಾಸ್ತಾ ಕೂರ್ಬೇಡಿ, ಸೀದಾ ಫೆಸ್ ದೊಡ್ಡಾಸ್ಪತ್ರೆಗೆ. ಈ ಸಲ ಮಗುದು ಮಾತ್ರ ಅಲ್ಲ, ತಾಯಿ ಜೀವದ ಪ್ರಶ್ನೇನೂ ಇದೆ."

ಅಲ್ಲಾಲ್ ಬಂದು ಇದನ್ನೆಲ್ಲ ಭಟ್ಟಿಯ ಬಾಗಿಲಲ್ಲಿ ನಿಂತು ಒಂದಕ್ಷರ ಬಿಡದೆ ಬೂಶ್ತಾನಿಗೆ ಒಪ್ಪಿಸಿದ. ಓಣಿಯಲ್ಲಿ ಸುದ್ದಿ ಹಬ್ಬಿಸಬೇಕಾದರೆ ಅದೇ ಸರಿಯಾದ ಜಾಗ.

"ನೀನು ನಿಶ್ಚಿಂತೆಯಾಗಿ ಕಾರು ಓಡ್ಸು ಮಗಾ," ಎಂದ ಬೂಶ್ತಾ, ಉದ್ದನೆಯ ಮರದ ಸಲಿಕೆಯನ್ನು ರಾಜದಂಡದ ಹಾಗೆ ನೆಲಕ್ಕೂರಿ. "ಈ ಓಣಿ ಇನ್ನೂ ಸತ್ತಿಲ್ಲ."

ಮರುದಿನದಿಂದಲೇ ಓಣಿ ಎದ್ದು ನಿಂತಿತು. ಒಬ್ಬಳು ಬಟ್ಟೆ ಒಗೆದಳು, ಒಬ್ಬಳು ನೆಲ ಒರೆಸಿದಳು, ಇನ್ನೊಬ್ಬಳು ತೂದಾಳ ಕೂದಲು ಬಾಚಿ ಹೆಣೆದಳು. ಅದೆಲ್ಲ ಸರಿಯಾಗಿಯೇ ನಡೆಯಿತು, ಏಕೆಂದರೆ ಅದನ್ನು ಯಾರೂ ಬೂಶ್ತಾನನ್ನು ಕೇಳಿ ಮಾಡಿರಲಿಲ್ಲ. ಅವನು ಕೈಯಲ್ಲಿ ಹಿಡಿದದ್ದು ಬಯಕೆಯ ವಿಷಯ.

ಬಸುರಿಯ ಮೂಗಿಗೆ ಬಿದ್ದ ಅಡುಗೆ ಅವಳ ಬಾಯಿಗೂ ಬೀಳಬೇಕು, ಇಲ್ಲದಿದ್ದರೆ ಹುಟ್ಟುವ ಮಗುವಿನ ಮೈಮೇಲೆ ಆ ತಿನಿಸಿನ ಗುರುತು ಮೂಡುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿದ್ದ ಮಾತು. ಕೆಳಗಿನ ಓಣಿಯ ಚಮ್ಮಾರನ ಕುತ್ತಿಗೆಯ ಮೇಲಿರುವ ಅಂಜೂರವನ್ನು ನೋಡದವರಿಲ್ಲ. ಭಟ್ಟಿಯ ಹೊಗೆಗೂಡೋ ತೂದಾಳ ಕಿಟಕಿಗೆ ನೇರ ಎದುರು. ಅಂದಮೇಲೆ ಭಟ್ಟಿಯಲ್ಲಿ ಬೇಯುವುದೆಲ್ಲದರ ಮೇಲೂ ಅವಳಿಗೆ ಹಕ್ಕುಂಟು ಎಂದು ಬೂಶ್ತಾ ತೀರ್ಪು ಕೊಟ್ಟ. ಯಾರದೇ ತಟ್ಟೆಯಾಗಲಿ, ಮೊದಲ ಪಾಲು ಮಹಡಿಗೆ.

ಒಂದು ಮನೆಯಿಂದ ಉಪ್ಪಿನಲ್ಲಿ ಹಾಕಿದ ನಿಂಬೆಯ ಕೋಳಿ ಹೋಯಿತು. ಅದನ್ನು ಕಂಡು ಪಕ್ಕದ ಮನೆಯವಳು ಸುಮ್ಮನಿರುತ್ತಾಳೆಯೆ? ಮೊಟ್ಟೆ ಒಡೆದು ಹಾಕಿದ ಒಣಮಾಂಸ ಕಳಿಸಿದಳು. ಮೂರನೆಯವಳು ಬೂತಾಯಿ ಮೀನು, ನಾಲ್ಕನೆಯವಳು ಆಲಿವ್ ತುಂಬಿದ ರೊಟ್ಟಿ. ಕಳಿಸಿದವರು ಕಳಿಸಿ ಬರುತ್ತಿರಲಿಲ್ಲ. ತಟ್ಟೆ ಖಾಲಿಯಾಗುವ ತನಕ ಮಂಚದ ಪಕ್ಕ ನಿಂತು "ಇನ್ನೊಂದು ತುತ್ತು, ನನ್ನಾಣೆ" ಎನ್ನುತ್ತಿದ್ದರು. ತೂದಾ ಒಳ್ಳೆಯ ಮನೆಯ ಹುಡುಗಿ. ಬೇಡ ಎನ್ನುವುದು ಅವಳಿಗೆ ಬರುತ್ತಿರಲಿಲ್ಲ.

ಇಕ್ರಾಮ್ ಬಂದು ಬಿಪಿ ನೋಡಿದಳು. ಮತ್ತೊಮ್ಮೆ ನೋಡಿದಳು. ತೂದಾಳ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದಾಗ ಅಲ್ಲೊಂದು ಗುಳಿ ಬಿದ್ದು ಹಾಗೇ ಉಳಿಯಿತು. ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದ ತಟ್ಟೆಗಳನ್ನು ಕಂಡವಳು ಬಿಪಿ ಪಟ್ಟಿಯನ್ನು ಕೈಯಲ್ಲೇ ಹಿಡಿದುಕೊಂಡು ದಡದಡ ಇಳಿದು ಭಟ್ಟಿಗೆ ಬಂದಳು.

"ಮಾಲ್ಲೆಮ್ ಬೂಶ್ತಾ ಅಂದ್ರೆ ಯಾರು?"

ಕಸುಬುದಾರನಿಗೆ ಸಲ್ಲುವ ಆ ಗೌರವದ ಹೆಸರಿನಿಂದ ಕರೆದಳಲ್ಲ ಎಂದು ಬೂಶ್ತಾ ಕೈಯ ಹಿಟ್ಟು ಒರೆಸಿಕೊಂಡು ಎದ್ದ. ಕೃತಜ್ಞತೆ ಸ್ವೀಕರಿಸುವ ಮುಖ ಅವನಲ್ಲಿ ಯಾವಾಗಲೂ ಸಿದ್ಧವಿರುತ್ತಿತ್ತು. "ನಾನೇ ಲಲ್ಲಾ, ನಾನೇ ತಾಯಿ. ಏನೋ, ಕೈಲಾದ ಸೇವೆ..."

"ಆ ಹುಡುಗೀನ ಕೊಲ್ಲೋ ಸೇವೇನಾ?"

ಮುಖ ಸಿದ್ಧವಾಗಿದ್ದದ್ದು ಹಾಗೇ ಸ್ವಲ್ಪ ಹೊತ್ತು ಉಳಿಯಿತು, ಇಳಿಸುವುದು ಹೇಗೆಂದು ತಿಳಿಯದೆ.

"ಒಣಮಾಂಸವಂತೆ, ಬೂತಾಯಿಯಂತೆ! ಉಪ್ಪು ಬೇಡ ಅಂತ ನಾನು ಗೋಡೆಗೆ ಹೇಳಿದ್ನಾ? ಸೋಮವಾರ ಮತ್ತೆ ಬರ್ತೀನಿ. ಬಿಪಿ ಇಳಿದಿಲ್ದಿದ್ರೆ ಅವತ್ತೇ ಆಸ್ಪತ್ರೆಗೆ ಸೇರಿಸ್ತೀನಿ. ಈಗ್ಲೇ ಹೆರಿಗೆ ಆದ್ರೆ ಆ ಮಗು ಉಳಿಯಲ್ಲ, ತಿಳ್ಕೊಳ್ಳಿ."

ಅವಳು ಹೋದ ಮೇಲೆ ಬೂಶ್ತಾ ಸೌದೆಯ ರಾಶಿಯ ಮೇಲೆ ಕುಳಿತ. ಊಟ ತಂದ ಹೆಂಡತಿ ಯಾಮ್ನಾ ಸಂಗತಿ ಕೇಳಿ ತಿಳಿದುಕೊಂಡಳು.

"ಅಲ್ರೀ, ಉಪ್ಪಿನ ವಿಷಯ ಅಲ್ಲಾಲ್ ಹೇಳಿರ್ಲಿಲ್ವಾ?"

"ಹೇಳಿದ್ದ."

"ಮತ್ತೆ?"

"ಆಗ ನಾನು ಮಾತಾಡ್ತಾ ಇದ್ದೆ."

ಯಾಮ್ನಾ ಬುತ್ತಿ ಬಿಚ್ಚಿ ಅವನ ಮುಂದಿಟ್ಟಳು. ಇಷ್ಟು ವರ್ಷದ ಸಂಸಾರದಲ್ಲಿ ಗಂಡ ಇಷ್ಟು ನೇರವಾಗಿ ತಪ್ಪೊಪ್ಪಿಕೊಂಡದ್ದು ಇದೇ ಮೊದಲಿರಬೇಕು. ಅದನ್ನು ಮಾತಾಡಿ ಕೆಡಿಸಬಾರದೆನಿಸಿತು.

ಸಂಜೆ ಭಟ್ಟಿಯ ಮುಂದೆ ಹೆಂಗಸರು ಸೇರಿದರು. ತಟ್ಟೆ ಕಳಿಸುವುದು ನಿಲ್ಲಿಸಿದರಾಯಿತು ಎಂದು ಯಾರೋ ಅಂದದ್ದೇ ತಡ, ಮೂಲೆ ಮನೆಯ ಮುದುಕಿ ಮೆನ್ನಾನಾ ಕೋಲು ಕುಟ್ಟಿದಳು.

"ವಾಸನೆ ಹೋಗುತ್ತೆ, ತಟ್ಟೆ ಹೋಗಲ್ಲ ಅಂದ್ರೆ ಹೆಂಗೆ? ಹುಟ್ಟೋ ಮಗು ಕೆನ್ನೆ ಮೇಲೆ ಬೂತಾಯಿ ಹೊತ್ಕೊಂಡು ಹುಟ್ಲಾ? ಆಮೇಲೆ ಅದನ್ನ ಮದ್ವೆ ಯಾರು ಮಾಡ್ಕೋತಾರೆ, ನಿನ್ನ ಮಗ ಮಾಡ್ಕೋತಾನಾ?"

ಭಟ್ಟಿ ಮುಚ್ಚುವುದೆಂದರೆ ಓಣಿ ಉಪವಾಸ. ತೂದಾಳ ಕಿಟಕಿ ಮುಚ್ಚುವುದೆಂದರೆ ಉಸಿರೇ ಕಟ್ಟೀತು. ಆಗ ಯಾಮ್ನಾ ಖಾಲಿ ಬುತ್ತಿ ಕಟ್ಟುತ್ತ, ಯಾರಿಗೂ ಅಲ್ಲದ ಹಾಗೆ ಕೇಳಿದಳು: "ಉಪ್ಪಿಗೇನು ವಾಸನೆ ಇದೆಯಾ?"

ಮರುದಿನ ಬೆಳಗಾಗುವಷ್ಟರಲ್ಲಿ ಈ ಉಪಾಯ ಬೂಶ್ತಾನಿಗೆ ಹೊಳೆದಿತ್ತು. ಹೊಳೆದದ್ದು ಹೇಗೆ ಎಂಬುದನ್ನೂ ಅವನು ವಿವರವಾಗಿ ಹೇಳುತ್ತಿದ್ದ. ತೂದಾ ಹೆರುವ ತನಕ ಭಟ್ಟಿಗೆ ಬರುವ ಯಾವ ಹಿಟ್ಟಿಗೂ, ಯಾವ ತಟ್ಟೆಗೂ ಉಪ್ಪು ಬೀಳಬಾರದು. ಬೇಕಾದವರು ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ಮೇಲಿಂದ ಉದುರಿಸಿಕೊಳ್ಳಲಿ. ಮೂಗಿಗೆ ಹೋದದ್ದೇ ಬಾಯಿಗೂ ಹೋಗುತ್ತದೆ, ಮಗುವಿನ ಕೆನ್ನೆಯೂ ಉಳಿಯುತ್ತದೆ.

ಅಡುಗೆಗಾದರೆ ಮೇಲಿಂದ ಉಪ್ಪು ಉದುರಿಸಬಹುದು, ರೊಟ್ಟಿಗೆ ಏನು ಮಾಡುವುದು? ಗಂಡಸರು ಭಟ್ಟಿಯ ಮುಂದೆ ಬಂದು ನಿಂತು ಗೊಣಗಿದರು. "ಮಾಲ್ಲೆಮ್, ಇದು ರೊಟ್ಟಿಯೋ ಸುಣ್ಣ ಹೊಡೆಯದ ಗೋಡೆಯೋ?" ಎಂದು ಕಮ್ಮಾರನೊಬ್ಬ ಕೇಳಿದ. "ಗೋಡೆ ತಿಂದು ನೋಡಿ ಹೇಳ್ತಾ ಇದ್ದೀಯಾ?" ಎಂದ ಬೂಶ್ತಾ. ಜೀರಿಗೆಯೂ ಉಪ್ಪೂ ಕುಟ್ಟಿದ ಪುಡಿ ಎಲ್ಲರ ಜಲ್ಲಾಬಾ ನಿಲುವಂಗಿಯ ಜೇಬಿನಲ್ಲೂ ಓಡಾಡತೊಡಗಿತು. ಹಾಗಿದ್ದರೂ ಯಾರೂ ಬೇರೆ ಓಣಿಯ ಭಟ್ಟಿಗೆ ಹೋಗಲಿಲ್ಲ, ಒಬ್ಬರನ್ನು ಬಿಟ್ಟು.

ಒಂದು ಬೆಳಿಗ್ಗೆ ಮೆನ್ನಾನಾ ಶಾಲಿನೊಳಗೆ ಅಗಲವಾದದ್ದೇನನ್ನೋ ಅವುಚಿಕೊಂಡು ಗೋಡೆಗುಂಟ ಹೋಗುತ್ತಿದ್ದಳು.

"ಎಲ್ಲಿಗೆ ಸವಾರಿ, ಖಾಲ್ತಿ?" ಚಿಕ್ಕಮ್ಮನನ್ನು ಕರೆಯುವ ಹಾಗೆ ಕರೆದು ಬೂಶ್ತಾ ಕೇಳಿದ.

"ಹಮ್ಮಾಮಿಗೆ. ಸ್ನಾನಕ್ಕೆ."

"ಸ್ನಾನಕ್ಕೆ ಹಿಟ್ಟು ತಗೊಂಡು ಹೋಗ್ತೀರಾ?"

"ನನ್ನ ಚರ್ಮ ಒರಟಪ್ಪಾ," ಎಂದಳು ಮೆನ್ನಾನಾ, ಒಂದಿಷ್ಟೂ ಅಳುಕದೆ. ಆಮೇಲೆ ದನಿ ತಗ್ಗಿಸಿದಳು. "ನಾಲಗೆ ಸತ್ತೋಗಿದೆ ಕಣೋ ಬೂಶ್ತಾ. ಈ ವಯಸ್ಸಲ್ಲಿ ನನಗಿರೋದು ಅದೊಂದೇ ಸುಖ."

ಅವಳನ್ನು ಬೈಯುವುದು ಯಾರಿಂದಲೂ ಆಗದ ಕೆಲಸ. ಬೂಶ್ತಾ ಅವಳಿಗೊಂದು ಹುದ್ದೆ ಕೊಟ್ಟ: ಹಗಲೆಲ್ಲ ತೂದಾಳ ಹತ್ತಿರ ಕೂರುವುದು, ಮೇಲೆ ಹೋಗುವ ಪ್ರತಿ ತಟ್ಟೆಯನ್ನೂ ಮೊದಲು ರುಚಿ ನೋಡಿ ಉಪ್ಪಿದ್ದರೆ ಹಿಡಿದು ಹಾಕುವುದು. ಉಪ್ಪಿದ್ದ ತಟ್ಟೆಗಳನ್ನು ತಾನೇ ತಿಂದು ಮುಗಿಸಬಹುದು ಎಂಬುದು ಮೆನ್ನಾನಾಳಿಗೆ ತಕ್ಷಣ ಹೊಳೆಯಿತು. ಅಂದಿನಿಂದ ಅವಳಷ್ಟು ನಿಷ್ಠಾವಂತ ಕಾವಲು ಆ ಊರಿನಲ್ಲಿ ಯಾರಿಗೂ ಇರಲಿಲ್ಲ.

ಸೋಮವಾರ ಬಿಪಿ ಇಳಿದಿತ್ತು. ಮಾತ್ರೆ, ವಿಶ್ರಾಂತಿ, ಪಥ್ಯ ಮೂರೂ ಸೇರಿದ್ದಕ್ಕೆ ಇಳಿಯಿತು ಎಂದು ಇಕ್ರಾಮ್ ಹೇಳಿದಳು. ಬೂಶ್ತಾನ ಕಿವಿಗೆ ಪಥ್ಯ ಎಂಬುದೊಂದೇ ಬಿತ್ತು. ಹೀಗೆ ವಾರಗಳು ಕಳೆದವು, ಹೊಟ್ಟೆ ಬೆಳೆಯಿತು, ಇಕ್ರಾಮ್ ಭಟ್ಟಿಯ ಮುಂದೆ ಹಾದುಹೋಗುವಾಗ ಬೈಯುವುದನ್ನು ಬಿಟ್ಟು ಒಂದು ಲೋಟ ಪುದೀನ ಚಹಾ ಕುಡಿದು ಹೋಗತೊಡಗಿದಳು.

ಚೆರಿ ಹಣ್ಣು ಬಿಡಿಸುವ ಕಾಲ. ಭಟ್ಟಿ ತುಂಬಿದ ಒಂದು ಮುಂಜಾನೆ ಮೆನ್ನಾನಾ ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ ಕೂಗಿದಳು: "ಹುಡುಗಿಗೆ ತಲೆ ಸಿಡೀತಿದೆಯಂತೆ! ಕಣ್ಮುಂದೆ ಕಿಡಿ ಹಾರ್ತಿದೆಯಂತೆ! ನಿಂತ್ಕೊಂಡು ನನ್ನ ಮುಖ ಏನು ನೋಡ್ತೀರೋ, ಹತ್ತಿ ಬನ್ರೋ!"

ಓಣಿಯೊಳಗೆ ಕತ್ತೆ ಬರುತ್ತದೆ, ಕಾರು ಬರುವುದಿಲ್ಲ. ತೂದಾ ಮೆಟ್ಟಿಲಿಳಿದು ಕೋಟೆಬಾಗಿಲ ತನಕ ನಡೆಯುವ ಹಾಗೂ ಇರಲಿಲ್ಲ. ಯಾರೋ ಅಲ್ಲಾಲನಿಗೆ ಫೋನ್ ಮಾಡಿದರು, ಯಾರೋ ಇಕ್ರಾಮಳಿಗೆ. ಬೂಶ್ತಾ ಭಟ್ಟಿಯ ಅತಿ ಉದ್ದದ ಹಲಗೆಯನ್ನು ಎಳೆದು, ಮೇಲಿದ್ದ ಹಿಟ್ಟನ್ನೆಲ್ಲ ನೆಲಕ್ಕೆ ಸುರಿದ. ಯಾರ ಮನೆಯ ಹಿಟ್ಟೆಂದು ನೋಡಲೂ ಇಲ್ಲ. ಹಲಗೆಯನ್ನು ಮಹಡಿಗೆ ಹತ್ತಿಸಿ, ಕಂಬಳಿ ಹಾಸಿ, ತೂದಾಳನ್ನು ಎಡಮಗ್ಗುಲಿಗೆ ಮಲಗಿಸಿ, ನಾಲ್ವರು ಕಮ್ಮಾರರು ಹೆಗಲು ಕೊಟ್ಟರು. ಮೆನ್ನಾನಾ ಪಕ್ಕದಲ್ಲಿ ಹೆಜ್ಜೆ ಹಾಕುತ್ತ ಅವಳ ಕೈ ಹಿಡಿದುಕೊಂಡಳು.

ಬೂಶ್ತಾನಿಗೂ ಹೆಗಲು ಕೊಡುವ ಆಸೆ. ಆದರೆ ಕುಳ್ಳ, ಅವನಿದ್ದ ಕಡೆ ಹಲಗೆ ವಾಲಿತು. "ನೀವು ಮುಂದೆ ಹೋಗಿ ಕೂಗಿ ಮಾಲ್ಲೆಮ್!" ಎಂದರು. ಅವನು ಮುಂದೆ ಓಡಿದ. "ದಾರಿ! ದಾರಿ ಬಿಡಿ! ಬುಟ್ಟಿ ಎತ್ತೋ! ಕತ್ತೇನ ಗೋಡೆಗೆ ಒತ್ತೋ!" ಜೀವಮಾನವೆಲ್ಲ ಊರಿಗೆ ಅಪ್ಪಣೆ ಕೊಡುತ್ತ ಬಂದವನ ಮಾತನ್ನು ಊರು ಕೇಳಿದ್ದು ಅಂದೇ. ತರಕಾರಿ ಸಂತೆ ಎರಡು ಭಾಗವಾಯಿತು. ಕೋಟೆಬಾಗಿಲಲ್ಲಿ ಅಲ್ಲಾಲ್ ಕಾರಿನ ಬಾಗಿಲು ತೆರೆದು ನಿಂತಿದ್ದ, ಇಕ್ರಾಮ್ ಒಳಗೆ ಕೂತು ಫೆಸ್ ಆಸ್ಪತ್ರೆಗೆ ಫೋನಿನಲ್ಲಿ ಹೇಳುತ್ತಿದ್ದಳು.

ಅಂದು ಮಧ್ಯಾಹ್ನ ಓಣಿಯಲ್ಲಿ ಯಾರೂ ರೊಟ್ಟಿ ಕೇಳಲು ಬರಲಿಲ್ಲ. ಬೂಶ್ತಾ ಫೋನನ್ನು ಮುಂದಿಟ್ಟುಕೊಂಡು ಕುಳಿತ, ಒಂದು ಮಾತೂ ಆಡದೆ. ಅದನ್ನು ಕಂಡು ಯಾಮ್ನಾಳಿಗೆ ಉಳಿದೆಲ್ಲಕ್ಕಿಂತ ಹೆಚ್ಚು ಭಯವಾಯಿತು. ಇಳಿಹೊತ್ತಿನ ಅಸರ್ ನಮಾಜಿನ ಕರೆ ಮುಗಿಯುತ್ತಿದ್ದಂತೆ ಫೋನ್ ಬಂತು. ಹೊಟ್ಟೆ ಕುಯ್ದು ತೆಗೆದರಂತೆ. ಹೆಣ್ಣು. ಸಣ್ಣದು, ಆದರೆ ಅಳುತ್ತಿದೆ. ತಾಯಿಯ ಬಿಪಿ ಹತೋಟಿಗೆ ಬಂದಿದೆ. ಹೆಂಗಸರು ಚಾವಣಿಗಳ ಮೇಲಿಂದ ಹಾಕಿದ ಕೇಕೆಗೆ ಮೇಲಿನ ಓಣಿಯವರು ಯಾರ ಮದುವೆ ಎಂದು ಕೇಳಿ ಕಳಿಸಿದರು.

ಗಂಡಾದರೆ ತನ್ನ ಹೆಸರೇ ಇಡುತ್ತಾರೆಂದು ಬೂಶ್ತಾ ಒಳಗೊಳಗೇ ನಂಬಿದ್ದ. ಬೇಡ ಬೇಡ ಎನ್ನುವ ಮಾತನ್ನೂ ಸಿದ್ಧಮಾಡಿಕೊಂಡಿದ್ದ. ಮಗುವಿಗೆ ರಹ್ಮಾ ಎಂದು ಹೆಸರಿಟ್ಟರು. ಮೆನ್ನಾನಾ ಮಗುವಿನ ಮೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಒಂದು ಚುಕ್ಕೆಯೂ ಇಲ್ಲವೆಂದು ಸ್ವಲ್ಪ ನಿರಾಶೆಯಿಂದಲೇ ಸಾರಿದಳು.

ತಿಂಗಳು ಕಳೆದು ತೂದಾ ಮೊದಲ ಸಲ ಮೆಟ್ಟಿಲಿಳಿದಳು. ಎದುರಿನ ಭಟ್ಟಿಗೆ ನಾಲ್ಕು ಹೆಜ್ಜೆಯ ದಾರಿ. ಪ್ರತಿ ಮನೆಯಿಂದಲೂ ಒಬ್ಬೊಬ್ಬರು ಓಡಿಬಂದು ತಡೆದು ನಿಲ್ಲಿಸಿ ಮುದ್ದಿಟ್ಟದ್ದರಿಂದ ಬಂದು ಸೇರುವಾಗ ಬಿಸಿಲು ಏರಿತ್ತು. ಮಗುವನ್ನು ಬೂಶ್ತಾನ ಕೈಗಿಟ್ಟಳು. ಅವನು ರೊಟ್ಟಿ ಹಿಡಿಯುವವನ ಹಾಗೆ ಎರಡೂ ಅಂಗೈ ಚಾಚಿ ಹಿಡಿದ.

"ನಿಜ ಹೇಳು ಮಗಳೇ," ಎಂದ, ಯಾಮ್ನಾಳ ಕಡೆ ಓರೆಗಣ್ಣು ಬಿಟ್ಟು. "ಇಷ್ಟು ಮನೆ ತಟ್ಟೆ ತಿಂದ್ಯಲ್ಲ, ಯಾರದಕ್ಕೆ ಬಯಕೆ ಜಾಸ್ತಿ ಇತ್ತು?"

ತೂದಾ ನಕ್ಕಳು. "ನಿಜ ಹೇಳ್ಲಾ ಮಾಲ್ಲೆಮ್? ಬಯಕೇನೇ ಇರ್ಲಿಲ್ಲ. ಅಷ್ಟೂ ತಿಂಗಳು ವಾಕರಿಕೆ. ಅದ್ರಲ್ಲೂ ರೊಟ್ಟಿ ವಾಸನೆ ಬಂದ್ರೆ ಸಾಕು, ದಿಂಬಿನೊಳಗೆ ಮುಖ ಹುದುಗಿಸ್ತಿದ್ದೆ."

"ಮತ್ತೆ ಯಾಕಮ್ಮಾ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ವಲ್ಲ."

ಇದಕ್ಕೊಂದು ತಕ್ಕ ಉತ್ತರ ಕೊಡಬೇಕೆಂದು ಬೂಶ್ತಾ ಬಾಯಿ ತೆರೆದ. ಅಷ್ಟರಲ್ಲಿ ರಹ್ಮಾ ಕಣ್ಣು ಬಿಟ್ಟು ಅವನ ಕಿರುಬೆರಳನ್ನು ಬಿಗಿಯಾಗಿ ಹಿಡಿದುಕೊಂಡಳು. ಬಿಡಿಸಿಕೊಳ್ಳಲು ಅವನಿಗೆ ಮನಸ್ಸು ಬರಲಿಲ್ಲ, ಬಿಡಿಸಿಕೊಳ್ಳದೆ ಸಲಿಕೆ ಹಿಡಿಯುವುದು ಸಾಧ್ಯವಿರಲಿಲ್ಲ. ಅಂದು ಇಡೀ ಓಣಿಯ ರೊಟ್ಟಿ ಸೀದು ಕರಕಲಾಯಿತು. ಓಣಿಯವರು ಕರಕಲನ್ನೇ ಕೆರೆದು ತಿಂದರು. ತಿಂದ ಮೇಲೆ, ಮನೆಗೊಬ್ಬರಂತೆ ಬಂದು ಬೂಶ್ತಾನಿಗೆ ಅದನ್ನು ತಿಳಿಸಿ ಹೋದರು.